ಕಣಜದ ಲೆಕ್ಕ

ಅಮೆರಿಕದಲ್ಲಿರೋ ನಮ್ಮಂಥವರ ಬೇಸ್‌ಮೆಂಟ್ ಅಂದ್ರೆ ಅದೊಂದು ಪುಟ್ಟ ದಿನಸಿ ಅಂಗಡಿ! ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲಗಳು, ತೊಗರಿಬೇಳೆ, ರಾಗಿಹಿಟ್ಟು, ಊರಿಂದ ಸೂಟ್‌ಕೇಸಲ್ಲಿ ಬಂದ ಹಪ್ಪಳ, ಸಂಡಿಗೆ... ಇಂಡಿಯನ್ ಸ್ಟೋರ್ ನಲವತ್ತು ಮೈಲಿ ದೂರ, ಹೊರಗೆ ಮೊಳಕಾಲುದ್ದ ಹಿಮ ಅಂದಮೇಲೆ ಕೂಡಿಡದೆ ಇನ್ನೇನು ಮಾಡೋದು? ಆದರೆ ಕೂಡಿಡೋದು ಸುಲಭ. ಏನಿದೆ, ಎಷ್ಟಿದೆ, ಯಾವಾಗಿನದು ಅಂತ ತಿಳಿದಿರೋದೇ ಕಷ್ಟ.

ನಮ್ಮ ಹಿರಿಯರು ಕೆಲವು ಕಣಜಗಳಲ್ಲೇ ಇದಕ್ಕೆ ಉಪಾಯ ಮಾಡಿಟ್ಟಿದ್ದರು. ಮೇಲಿನಿಂದ ಕಾಳು ಸುರಿ, ಬುಡದ ಕಿಂಡಿಯಿಂದ ತೆಗಿ. ಮೊದಲು ಒಳಗೆ ಹೋದದ್ದೇ ಮೊದಲು ಹೊರಗೆ! ನಮ್ಮ ಶೆಲ್ಫಿಗೆ ಕಿಂಡಿ ಇಲ್ಲವಲ್ಲ, ಹಾಗಾಗಿ ಹಳೇದು ಮುಂದೆ, ಹೊಸದು ಹಿಂದೆ. ಪ್ರತಿ ಡಬ್ಬದ ಮೇಲೂ ತಂದ ತಿಂಗಳು, ವರ್ಷ. ಬಾಗಿಲ ಹಿಂದೆ ಪೆನ್ಸಿಲ್ ಕಟ್ಟಿದ ಒಂದು ನೋಟ್‌ಬುಕ್: ತಂದಾಗ ಒಂದು ಗೀಟು, ಅಡುಗೆಮನೆಗೆ ಒಯ್ದಾಗ ಅದರ ಮೇಲೊಂದು ಅಡ್ಡಗೀಟು. "ಎಕ್ಸೆಲ್‌ನಲ್ಲಿ ಹಾಕಬಾರದಾ?" ಅಂದರು ನಮ್ಮನೆಯವರು. ಕೈಯಲ್ಲಿ ಬೇಳೆ ಡಬ್ಬ ಹಿಡಿದು ಯಾರು ಲ್ಯಾಪ್‌ಟಾಪ್ ತೆಗೀತಾರೆ ಹೇಳಿ?

ಎಲ್ಲಕ್ಕೂ ಒಂದೇ ಆಯುಸ್ಸಲ್ಲ. ಗಾಳಿಯಾಡದ ಡಬ್ಬದಲ್ಲಿ, ತಂಪಾದ ಕತ್ತಲೆಯಲ್ಲಿ ಬಿಳಿ ಅಕ್ಕಿ ವರ್ಷಗಟ್ಟಲೆ ಇರುತ್ತೆ. ಪಾಲಿಶ್ ಮಾಡದ ಅಕ್ಕಿ ಸುಮಾರು ಆರು ತಿಂಗಳಿಗೇ ಕಮಟು ವಾಸನೆ ಹಿಡಿಯುತ್ತೆ, ಅದರ ತೌಡಿನಲ್ಲಿ ಎಣ್ಣೆಯಂಶ ಇರುತ್ತಲ್ಲ. ಬೇಳೆ ಕೆಡದಿದ್ದರೂ ಹಳೇದಾದಷ್ಟೂ ಬೇಯೋಕೆ ಹಟ ಮಾಡುತ್ತೆ. ಹುಳ ಬೀಳದಿರಲು ಊರಲ್ಲಿ ಬೇವಿನೆಲೆ, ಹರಳೆಣ್ಣೆ. ಇಲ್ಲಿ ಬೇಳೆಕಾಳು ತಂದ ಕೂಡಲೇ ನಾಲ್ಕು ದಿನ ಫ್ರೀಜರ್, ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ. ಹೊರತೆಗೆದ ಮೇಲೆ ತಣುಪು ಪೂರ್ತಿ ಇಳಿಯೋವರೆಗೆ ಪೊಟ್ಟಣ ಬಿಚ್ಚಬೇಡಿ, ತೇವ ಕೂರುತ್ತೆ.

2023ರ ಜುಲೈ 20ರಂದು ಭಾರತ ಸರ್ಕಾರ ಬಾಸುಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧಿಸಿತು ನೋಡಿ, ಇಲ್ಲಿನ ಅಂಗಡಿಗಳಲ್ಲಿ ಜಾತ್ರೆಯೋ ಜಾತ್ರೆ! ನಾವು ಹೋಗೋ ಕಡೆ ಮನೆಗೊಂದೇ ಚೀಲ ಅಂತ ಬೋರ್ಡು ಬಿತ್ತು. ನಾನು ನೋಟ್‌ಬುಕ್ ತೆರೆದೆ. ಮೂರು ಚೀಲ ಇದೆ. ನಾಲ್ಕು ಜನಕ್ಕೆ ಒಂದು ಚೀಲ ಆರು ವಾರ ಬರುತ್ತೆ, ಅಂದರೆ ನಾಲ್ಕು ತಿಂಗಳು ಯೋಚನೆಯಿಲ್ಲ. ಕ್ಯೂಗೆ ಹೋಗಲಿಲ್ಲ. ಆ ವಾರವೇ ಊರಿಂದ ಬಂದಿಳಿದಿದ್ದ ಹೊಸ ಸಂಸಾರವೊಂದಿತ್ತು. ಅವರ ಮಗುವಿಗೆ ಗಂಜಿ ಬಿಟ್ಟರೆ ಬೇರೇನೂ ಒಗ್ಗುತ್ತಿರಲಿಲ್ಲ. ಅವರಿಗೊಂದು ಚೀಲ ಕೊಟ್ಟೆ. ನಮಗೆ ಇನ್ನೂ ಹನ್ನೆರಡು ವಾರಕ್ಕೆ ಸಾಕಿತ್ತು. ಎಷ್ಟಿದೆ ಅಂತಲೇ ಗೊತ್ತಿಲ್ಲದಿದ್ದರೆ ಹತ್ತು ಚೀಲ ಇದ್ದರೂ ಭಯವೇ. ಲೆಕ್ಕ ಇಟ್ಟರೆ ಕೊಡೋದಕ್ಕೂ ಕೈ ಬರುತ್ತೆ.

ಆ ನಿಷೇಧ 2024ರ ಸೆಪ್ಟೆಂಬರ್‌ನಲ್ಲಿ ತೆರವಾಯಿತು. ಈ ಭಾನುವಾರ ಬಿಡುವಿದ್ದರೆ ನಿಮ್ಮನೆ ಶೆಲ್ಫನ್ನೂ ಒಮ್ಮೆ ಎಣಿಸಿ. ಹಿಂದಿನ ಸಾಲಿನಿಂದ ಶುರು ಮಾಡಿ, ಆಯ್ತಾ?