ತುಂಗೆಯ ನೀರೂ ತರುಣನ ತಲೆಗೂದಲೂ

ಶಿವಮೊಗ್ಗದಿಂದ ತೀರ್ಥಹಳ್ಳಿಯ ಹಾದಿ ಹಿಡಿದವರಿಗೆ ಗಾಜನೂರಿನ ತುಂಗಾ ಅಣೆಕಟ್ಟು ಎದುರಾಗುತ್ತದೆ. ‘ಗಂಗಾ ಸ್ನಾನ, ತುಂಗಾ ಪಾನ’ ಎಂದು ಹಿರಿಯರು ಕೊಂಡಾಡಿದ ಸಿಹಿನೀರು ಇಲ್ಲಿ ತುಂಬಿ ನಿಂತಿದೆ. ಪಟ್ಟಣ ಸೇರಿದ ತರುಣನು ತಲೆ ಬಾಚುವಾಗ ಕೂದಲುದುರಿದರೆ ದೂರುವುದು ಕೊಳವೆಬಾವಿಯ ಗಡಸು ನೀರನ್ನು. ಆದರೆ ತುಂಗೆಯಲ್ಲಿಯೇ ಮಿಂದು ಬೆಳೆದವನ ಮುಂದಲೆಯೂ ಇಪ್ಪತ್ತೈದರ ಹರೆಯದಲ್ಲಿ ಹಿಂದೆ ಸರಿಯುವುದುಂಟು. ಹಾಗಾದರೆ ತಪ್ಪು ಯಾರದು?

ನೀರಿನದಲ್ಲ, ಎಣ್ಣೆಯದೂ ಅಲ್ಲ. ಹದಿಹರೆಯಕ್ಕೆ ಮೊದಲೇ ವೃಷಣಗಳನ್ನು ಕಳೆದುಕೊಂಡ ಪುರುಷರಿಗೆ ಬೋಳುತಲೆ ಬಾರದೆಂಬುದನ್ನು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ತೋರಿಸಿಕೊಟ್ಟರು. ಪುರುಷ ಹಾರ್ಮೋನು ಮಾರ್ಪಟ್ಟು ಡಿ.ಎಚ್.ಟಿ. ಎಂಬ ರೂಪ ತಾಳುತ್ತದೆ. ವಂಶಗುಣದಿಂದ ಅದಕ್ಕೆ ಮಣಿಯುವ ಬೇರುಗಳು ವರ್ಷದಿಂದ ವರ್ಷಕ್ಕೆ ಕುಗ್ಗಿ, ದಪ್ಪ ಕೂದಲಿನ ಬದಲು ನವುರಾದ ರೋಮವನ್ನಷ್ಟೇ ಬೆಳೆಸುತ್ತವೆ. ಈ ಗುಣವು ಸೋದರಮಾವನ ಕಡೆಯಿಂದ ಮಾತ್ರ ಬರುತ್ತದೆಂಬ ನಂಬಿಕೆ ಅರ್ಧಸತ್ಯ. ತಂದೆಯ ಮನೆತನದ ಪಾಲೂ ಅದರಲ್ಲಿದೆ.

ಹಣೆಯ ಎಡಮೂಲೆ ಬೇಗ ಬರಿದಾಗಿ ಬಲಮೂಲೆ ಹಾಗೆಯೇ ಉಳಿದರೆ ತರುಣನ ಕಳವಳ ಇಮ್ಮಡಿಸುತ್ತದೆ. ಆದರೆ ಪ್ರತಿಯೊಂದು ಬೇರಿಗೂ ತನ್ನದೇ ಆದ ಬೆಳವಣಿಗೆಯ ಕಾಲವುಂಟು. ಇಕ್ಕೆಲಗಳೂ ಹೆಜ್ಜೆಗೆ ಹೆಜ್ಜೆ ಹೊಂದಿಸಿ ನಡೆಯಬೇಕೆಂಬ ನಿಯಮವಿಲ್ಲ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಜ್ವರವೊಂದರ ಎರಡು ಮೂರು ತಿಂಗಳ ಬಳಿಕ ಉದುರಿದ ಕೂದಲು ಸಾಮಾನ್ಯವಾಗಿ ಮರಳಿ ಬೆಳೆಯುತ್ತದೆ. ನಾಣ್ಯದಂತೆ ಗುಂಡಾಗಿ ಬೋಳಾದರೆ, ತುರಿಕೆ ಅಥವಾ ಗಾಯವಿದ್ದರೆ, ಅದು ಬೇರೆ ಬೇನೆ, ಚರ್ಮವೈದ್ಯರಿಗೆ ತೋರಿಸಬೇಕು.

ಮಿನಾಕ್ಸಿಡಿಲ್ ಲೇಪನವೂ ಫಿನಾಸ್ಟೆರೈಡ್ ಮಾತ್ರೆಯೂ ಹಲವರಲ್ಲಿ ಈ ಹಿಂಜರಿತವನ್ನು ತಡೆಯುತ್ತವೆ. ಬಿಟ್ಟರೆ ಫಲವೂ ಬಿಟ್ಟುಹೋಗುತ್ತದೆ. ಮಾತ್ರೆಗೆ ಅಡ್ಡಪರಿಣಾಮಗಳೂ ಇರುವುದರಿಂದ ವೈದ್ಯರ ಸಲಹೆಯಿಲ್ಲದೆ ನುಂಗತಕ್ಕದ್ದಲ್ಲ. ಹದಿನೈದು ದಿನಗಳಲ್ಲಿ ಕೇಶರಾಶಿಯನ್ನು ಬೆಳೆಸಿಕೊಡುವೆನೆನ್ನುವ ತೈಲವು ಹಗುರಮಾಡುವುದು ಕಿಸೆಯನ್ನು ಮಾತ್ರ.

ಆದರೂ ತರುಣನ ದುಃಖ ಸುಳ್ಳಲ್ಲ. ರಾಜ್ ಬಿ. ಶೆಟ್ಟಿಯವರು ಬರೆದು, ನಿರ್ದೇಶಿಸಿ, ತಾವೇ ನಟಿಸಿದ ‘ಒಂದು ಮೊಟ್ಟೆಯ ಕಥೆ’ (2017) ಚಿತ್ರದ ನಾಯಕನು ಮಂಗಳೂರಿನ ಕನ್ನಡ ಅಧ್ಯಾಪಕ. ವಯಸ್ಸು 28; ತಲೆ ಬೋಳು; ಹೆಣ್ಣು ಸಿಕ್ಕುವುದು ದುಸ್ತರ. ಜನರು ನಕ್ಕರು, ಆದರೆ ಆ ನಗೆಯ ಅಡಿಯಲ್ಲಿದ್ದ ನೋವು ಎಷ್ಟು ಮನೆಗಳ ಕನ್ನಡಿಯೆದುರು ದಿನವೂ ಮೌನವಾಗಿ ನಿಲ್ಲುತ್ತದೆ! ಮಗನ ಹಣೆ ಅಗಲವಾಗುತ್ತಿರುವುದು ಅವನಿಗೆ ಎಲ್ಲರಿಗಿಂತ ಮೊದಲೇ ತಿಳಿದಿರುತ್ತದೆ. ಊಟದ ಹೊತ್ತಿನಲ್ಲಿ ಅದನ್ನು ಎತ್ತಿ ಆಡದಿರುವುದೇ ಮನೆಯವರು ನೀಡಬಹುದಾದ ಮೊದಲ ಮದ್ದು.