ಹಳೇ ಅಂಬಾಸಡರ್‌ಗೆ ಹೊಸ ಪೆಟ್ರೋಲ್

ಗಜೇಂದ್ರಗಡದ ಪಕ್ಕದ ಪುರ್ತಗೇರಿಯಿಂದ ಓದುಗರೊಬ್ಬರು ಕೇಳಿದ್ದಾರೆ: “ನಮ್ಮ ಅಪ್ಪನ ಕಾಲದ ಅಂಬಾಸಡರ್ ಐತ್ರಿ. ಮದುವಿ, ಕಾಲಕಾಲೇಶ್ವರನ ಜಾತ್ರಿ ಬಂದ್ರ ಹೊರಗ ತೆಗೀತೀವಿ. ಈಗೀಗ ಆವರೇಜ್ ಇಳದೈತಿ. ಒಬ್ರು ಪ್ರೀಮಿಯಂ ಪೆಟ್ರೋಲ್ ಹಾಕಸ್ರಿ ಅಂತಾರ, ಇನ್ನೊಬ್ರು ಟ್ಯಾಂಕಿಗೆ ಎರಡು ಡಾಂಬರ್ ಗುಳಿಗಿ ಹಾಕ್ರಿ ಅಂತಾರ. ಯಾವುದು ಖರೆ?”

ಎರಡೂ ಖರೆಯಲ್ಲ. ಗುಳಿಗೆಯ ಮಾತನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ಅದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹಳೆಯ ಡಾಂಬರ್ ಗುಳಿಗೆ ಎಂದರೆ ನ್ಯಾಫ್ತಲೀನ್. ಪೆಟ್ರೋಲಿನಲ್ಲಿ ಕರಗುತ್ತದೆ, ಉರಿಯುತ್ತದೆ, ನಿಜ. ಆದರೆ 30 ಲೀಟರ್ ಪೆಟ್ರೋಲಿನ ತೂಕ ಸುಮಾರು 22 ಕಿಲೋ. ಅದರಲ್ಲಿ ಕೆಲವೇ ಗ್ರಾಂ ತೂಗುವ ಗುಳಿಗೆಗಳಿಂದ ಬರುವ ಶಾಖ ಎಷ್ಟು? ಗಾಡಿ ನಿಂತಾಗ ಕಾರ್ಬುರೇಟರ್‌ನೊಳಗಿನ ಪೆಟ್ರೋಲ್ ಆರಿಹೋಗುತ್ತದೆ, ನ್ಯಾಫ್ತಲೀನ್ ಹರಳುಗಟ್ಟಿ ಜೆಟ್‌ನ ಬಾಯಲ್ಲಿ ಕೂರಬಹುದು. ಈಗ ಅಂಗಡಿಯಲ್ಲಿ ಸಿಗುವ ಎಷ್ಟೋ ಗುಳಿಗೆಗಳು ನ್ಯಾಫ್ತಲೀನ್ ಕೂಡ ಅಲ್ಲ, ಕ್ಲೋರಿನ್ ಇರುವ ಬೇರೆ ರಾಸಾಯನಿಕ. ಅದು ಉರಿದರೆ ಇಂಜಿನ್ನಿನೊಳಗೆ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತದೆ. ಹಿಂದಿನವರು ಹಾಕುತ್ತಿದ್ದರು ಎಂಬುದು ಪುರಾವೆಯಲ್ಲ. ದಯವಿಟ್ಟು ಹಾಕಬೇಡಿ.

ಪ್ರೀಮಿಯಂ ಪೆಟ್ರೋಲಿನದು ಮರ್ಯಾದಸ್ಥ ಮೂಢನಂಬಿಕೆ. ಒತ್ತಡಕ್ಕೆ ಸಿಕ್ಕ ಪೆಟ್ರೋಲಿನ ಆವಿ, ಪ್ಲಗ್ಗಿನ ಕಿಡಿಗೆ ಕಾಯದೆ ತಾನಾಗಿಯೇ ಹೊತ್ತಿಕೊಳ್ಳುವುದನ್ನು ಎಷ್ಟು ತಡೆಯಬಲ್ಲದು ಎಂದು ಹೇಳುವ ಅಂಕಿ ಆಕ್ಟೇನ್. ಶಕ್ತಿಗೂ ಅದಕ್ಕೂ ಸಂಬಂಧವಿಲ್ಲ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ವಂಶದ ಅಂಬಾಸಡರ್‌ನ 1489 ಸಿಸಿ ಇಂಜಿನ್ ಆವಿಯನ್ನು ಹಿಂಡುವುದು ಸುಮಾರು 7 ಪಟ್ಟು. ಇಂದಿನ ಕಾರುಗಳು 10-11 ಪಟ್ಟು ಹಿಂಡುತ್ತವೆ. 87 ಆಕ್ಟೇನ್ ಕುಡಿದು ಬೆಳೆದ ಇಂಜಿನ್ ಅದು. ಈಗಿನ ಮಾಮೂಲಿ ಪೆಟ್ರೋಲೇ 91ಕ್ಕೆ ಕಡಿಮೆಯಿಲ್ಲ. ಅದಕ್ಕೂ ಮೇಲೆ ಕೊಟ್ಟ ದುಡ್ಡು ಆ ಇಂಜಿನ್ನಿಗೆ ತಲುಪುವುದೇ ಇಲ್ಲ.

ಹಾಗಾದರೆ ಆವರೇಜ್ ಇಳಿದದ್ದೇಕೆ? ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಈಗ ಅದು ಎಲ್ಲ ಬಂಕ್‌ಗಳಿಗೂ ಬಂದಿದೆ. ಮುಧೋಳ, ಜಮಖಂಡಿ ಸೀಮೆಯ ಕಬ್ಬು ಎಥನಾಲ್ ಆಗಿ ನಿಮ್ಮ ಟ್ಯಾಂಕಿಗೂ ಬರುತ್ತಿರಬಹುದು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ ಎಥನಾಲ್‌ನಲ್ಲಿ 21. ಬೆರಕೆಯಲ್ಲಿ ಶೇ 7ರಷ್ಟು ಕೊರತೆ. ನೀತಿ ಆಯೋಗದ 2021ರ ವರದಿ ಕೂಡ, ಎಥನಾಲ್‌ಗೆಂದು ರೂಪಿಸದ ಕಾರುಗಳಿಗೆ ಶೇ 6-7 ನಷ್ಟ ಎಂದು ಒಪ್ಪಿಕೊಂಡಿದೆ. ಲೀಟರಿಗೆ 10 ಕಿ.ಮೀ. ಓಡುತ್ತಿದ್ದ ಗಾಡಿಗೆ 600-700 ಮೀಟರ್ ಕಡಿತ. ಅದಕ್ಕಿಂತ ಹೆಚ್ಚು ಇಳಿದಿದ್ದರೆ ಚೋಕ್ ಅರ್ಧಕ್ಕೆ ಸಿಕ್ಕಿಕೊಂಡಿದೆಯೇ, ಬ್ರೇಕ್ ಹಿಡಿಯುತ್ತಿದೆಯೇ, ಟೈರಿನಲ್ಲಿ ಗಾಳಿ ಇದೆಯೇ ನೋಡಿ.

ನನಗೆ ಅತ್ಯಂತ ಖುಷಿ ಕೊಡುವ ಸಂಗತಿ ಇಲ್ಲಿಂದ ಮುಂದಿದೆ. ಎಥನಾಲ್‌ನ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಆಮ್ಲಜನಕವೇ ಇದೆ. ಒಂದರ್ಥದಲ್ಲಿ ಅದು ಮೊದಲೇ ಅಷ್ಟಿಷ್ಟು ಸುಟ್ಟುಕೊಂಡು ಬಂದ ಇಂಧನ. ಅದಕ್ಕೇ ಶಾಖ ಕಡಿಮೆ, ಅದಕ್ಕೇ ಗಾಳಿಯೂ ಕಡಿಮೆ ಸಾಕು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ 9, ಶೇ 20ರ ಬೆರಕೆಗೆ ಸುಮಾರು 13.5. ಹೊಸ ಕಾರಿನ ಸೆನ್ಸರ್ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು ಇಂಧನ ಹೆಚ್ಚಿಸಿಕೊಳ್ಳುತ್ತದೆ. ಅಂಬಾಸಡರ್‌ನ ಕಾರ್ಬುರೇಟರಿಗೆ ಇರುವುದು ಹಿತ್ತಾಳೆಯ ಜೆಟ್, ಅದರಲ್ಲೊಂದು ಸೂಜಿಗಾತ್ರದ ತೂತು. ಜೋಳ ಸುರಿದರೂ ಹೊಟ್ಟು ಸುರಿದರೂ ಸೇರು ಸೇರನ್ನೇ ಅಳೆಯುವಂತೆ, ಯಾವ ದ್ರವ ಬಂದರೂ ಅದು ಅಷ್ಟೇ ಬಿಡುತ್ತದೆ. ಹೀಗಾಗಿ ಗಾಳಿ ಹೆಚ್ಚಾಗಿ ಮಿಶ್ರಣ ತೆಳುವಾಗುತ್ತದೆ.

ತೆಳುವಾದರೆ ಕೆಟ್ಟದ್ದೇ? ಅದು ನಿಮ್ಮ ಮಿಸ್ತ್ರಿಯ ಕೈ ಹೇಗಿತ್ತು ಎಂಬುದರ ಮೇಲಿದೆ. ಹಳೆಯ ಮಿಸ್ತ್ರಿಗಳಲ್ಲಿ ಅನೇಕರು ಪೆಟ್ರೋಲ್ ಸ್ವಲ್ಪ ಹೆಚ್ಚೇ ಬಿಡುತ್ತಿದ್ದರು. ಅಂಥ ಗಾಡಿಯಲ್ಲಿ ಎಥನಾಲ್ ಮಿಶ್ರಣವನ್ನು ಸರಿಯಾದ ಜಾಗಕ್ಕೆ ತಂದು ನಿಲ್ಲಿಸುತ್ತದೆ, ಹೊಗೆ ತಿಳಿಯಾಗುತ್ತದೆ, ಕಳೆದ ಶೇ 7ರಲ್ಲಿ ಒಂದಿಷ್ಟು ಮರಳಿ ಸಿಗುತ್ತದೆ. ಆವರೇಜ್ ಆಸೆಗೆ ಸಣ್ಣ ಜೆಟ್ ಕೂರಿಸಿದ ಗಾಡಿ ಮಾತ್ರ ದಿಬ್ಬದಲ್ಲಿ ಮುಗ್ಗರಿಸುತ್ತದೆ, ಕಾಯುತ್ತದೆ, ಎಕ್ಸಾಸ್ಟ್ ವಾಲ್ವ್ ಸುಟ್ಟುಕೊಳ್ಳುತ್ತದೆ. ಒಂದೇ ಬಂಕಿನ ಪೆಟ್ರೋಲ್ ಒಂದು ಅಂಬಾಸಡರ್‌ಗೆ ಔಷಧ, ಪಕ್ಕದ್ದಕ್ಕೆ ರೋಗ! ನಿಮ್ಮದು ಯಾವುದೆಂದು ತಿಳಿಯಲು ಒಂದಷ್ಟು ದೂರ ಓಡಿಸಿ, ಇಂಜಿನ್ ಆರಿದ ಮೇಲೆ ಪ್ಲಗ್ ಬಿಚ್ಚಿ ನೋಡಿ. ತುದಿ ತಿಳಿಕಂದು ಇದ್ದರೆ ಏನೂ ಮುಟ್ಟಬೇಡಿ. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು. ಬಿಳಿಚಿಕೊಂಡಿದ್ದರೆ ಒಂದು ನಂಬರ್ ದೊಡ್ಡ ಜೆಟ್ ಹಾಕಿಸಿ; ಆವರೇಜ್ ಇನ್ನಷ್ಟು ಇಳಿದರೂ ಇಂಜಿನ್ ಉಳಿಯುತ್ತದೆ.

ಸೀಸದ ಪೆಟ್ರೋಲೇ ಚೆನ್ನಾಗಿತ್ತು ಎನ್ನುವ ಹಿರಿಯರಿದ್ದಾರೆ. ಸೀಸ ವಾಲ್ವ್ ಕೂರುವ ಜಾಗವನ್ನು ಸವೆಯದಂತೆ ಕಾಯುತ್ತಿದ್ದದ್ದು ಹೌದು. ಅದೇ ಸೀಸ ಮಕ್ಕಳ ರಕ್ತಕ್ಕೂ ಇಳಿಯುತ್ತಿತ್ತು. ಅದರ ವಿರುದ್ಧ ಬೆಂಗಳೂರಿನ ವಿಜ್ಞಾನಿ ತುಪ್ಪಿಲ್ ವೆಂಕಟೇಶ್ ದೊಡ್ಡ ಹೋರಾಟವನ್ನೇ ಮಾಡಿದರು. 2000ದ ಫೆಬ್ರವರಿಯಲ್ಲಿ ದೇಶದಿಂದಲೇ ಅದು ಹೋಯಿತು, ಹೋಗಲೇಬೇಕಿತ್ತು. ಗಟ್ಟಿ ಲೋಹದ ವಾಲ್ವ್ ಸೀಟ್ ಹಾಕಿಸಿದರೆ ಆ ಚಿಂತೆ ಮುಗಿಯಿತು.

ವರ್ಷಕ್ಕೆ ನಾಲ್ಕಾರು ಸಲ ಮಾತ್ರ ಓಡುವ ಗಾಡಿಗೆ ಆವರೇಜಿಗಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಇಂಜಿನ್ನಿಗೆ ಹೋಗುವ ಕೊಳವೆಯ ಬಾಯಿ ಇರುವುದೂ ಅಲ್ಲಿಯೇ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿಡಿ, ಇಲ್ಲವೇ ಪೂರ್ತಿ ಖಾಲಿ ಮಾಡಿ. ಅರ್ಧ ಟ್ಯಾಂಕ್ ಬೇಡ. ಹಳೆಯ ರಬ್ಬರನ್ನು ಎಥನಾಲ್ ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಗ್ಯಾರೇಜೊಂದರಲ್ಲಿ ನಾನು ನೋಡಿದ ಪೆಟ್ರೋಲ್ ಪೈಪು ಹೊರಗಿನಿಂದ ಚೆನ್ನಾಗಿತ್ತು, ಬಗ್ಗಿಸಿದರೆ ಒಳಪದರ ಬೆರಳಿಗೆ ಹತ್ತುತ್ತಿತ್ತು. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಗಾಡಿಗೇ ಬೆಂಕಿ. ಆದ್ದರಿಂದ ಪ್ಲಗ್ ನೋಡಲು ಓಡಿಸುವ, ಜೆಟ್ ಮುಟ್ಟುವ ಮೊದಲೇ ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗಿನ ರಬ್ಬರ್ ಪೈಪುಗಳನ್ನೂ ಪಂಪಿನ ಡಯಾಫ್ರಾಮನ್ನೂ ಎಥನಾಲ್ ತಾಳುವ ಹೊಸವಕ್ಕೆ ಬದಲಿಸಿ. ಅಲ್ಲಿಯವರೆಗೆ ಗಾಡಿ ಹೊರಗೆ ತೆಗೆಯಬೇಡಿ.