ರಕ್ತ ವಾಂತಿಯಾದರೆ ಊದಿದ ನೀರಿಗೂ ಮೊದಲು ಆಂಬುಲೆನ್ಸ್

ಹನಗೋಡು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಲ್ಲಿ ಜಗಳ ಜೋರಾದಾಗ ಬಾಯಿಗೆ ಬರುವ ಶಾಪ ಒಂದಿದೆ: ‘ರಕ್ತ ಕಾರ್ಕೊಂಡು ಸಾಯ್ತೀಯ ನೋಡು.’ ಈ ಮಾತಿನ ಭಯ ನಮ್ಮ ಮನೆಗಳಿಗೂ ಹೊಕ್ಕಿದೆ. ಹಾಗಾಗಿ ಒಬ್ಬರಿಗೆ ಇದ್ದಕ್ಕಿದ್ದ ಹಾಗೆ ರಕ್ತ ವಾಂತಿಯಾದರೆ ಮೊದಲು ನೆನಪಾಗುವುದು ಆಸ್ಪತ್ರೆಯಲ್ಲ. ಜಾಗದ ತಕರಾರು, ಮುನಿಸಿಕೊಂಡ ನೆಂಟರು, ಎದುರಂಗಡಿಯವನ ಕಣ್ಣು ನೆನಪಾಗುತ್ತದೆ. ಆಮೇಲೆ ಮದ್ರಸದ ಬಾಗಿಲಿಗೆ ಬರುತ್ತಾರೆ. ‘ಉಸ್ತಾದರೇ, ಯಾರೋ ಸಿಹ್ರ್ ಮಾಡಿಸಿದ್ದಾರೆ, ಒಂದು ಬಾಟಲಿ ನೀರು ಊದಿ ಕೊಡಿ.’

ದುಆ ಬೇಡ ಅಂತ ನಾವು ಹೇಳುವುದಿಲ್ಲ. ಆದರೆ ಆ ಹೊತ್ತಿನಲ್ಲಿ ರೋಗಿಯ ಬಾಯಿಗೆ ಏನನ್ನೂ ಹಾಕಬಾರದು. ಊದಿದ ನೀರಾಗಲಿ, ಝಂಝಂ ಆಗಲಿ, ಗಂಜಿ ತಿಳಿಯಾಗಲಿ. ಮತ್ತೆ ವಾಂತಿಯಾದರೆ ಅದು ರಕ್ತದ ಜೊತೆ ಶ್ವಾಸಕೋಶಕ್ಕೆ ಇಳಿಯಬಹುದು. ಹೊಟ್ಟೆ ತುಂಬಿದ್ದರೆ ಎಂಡೋಸ್ಕೋಪಿಯಲ್ಲಿ ರಕ್ತ ಬರುವ ಜಾಗ ಕಾಣಿಸುವುದೂ ಕಷ್ಟ. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ. ದುಆ ಆಂಬುಲೆನ್ಸಿನಲ್ಲಿ ಕೂತೇ ಮಾಡಬಹುದು. ಅವರು ನುಂಗುತ್ತಿದ್ದ ಮಾತ್ರೆಗಳ ಚೀಟಿ, ಖಾಲಿ ಸ್ಟ್ರಿಪ್ ಸಮೇತ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಳ್ಳಿ. ವೈದ್ಯರಿಗೆ ಅರ್ಧ ಉತ್ತರ ಅದರಲ್ಲೇ ಸಿಗುತ್ತದೆ.

ವಾಂತಿ ಯಾವಾಗಲೂ ಕೆಂಪಗೇ ಇರುವುದಿಲ್ಲ. ಹೊಟ್ಟೆಯ ಆಮ್ಲದಲ್ಲಿ ಸ್ವಲ್ಪ ಹೊತ್ತು ನಿಂತ ರಕ್ತ ಕಾಫಿ ಗಷ್ಟಿನ ಹಾಗೆ ಕಪ್ಪಾಗುತ್ತದೆ. ಕೆಳಗಿಳಿದರೆ ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ವಿಪರೀತ ವಾಸನೆಯಿಂದ ಹೋಗುತ್ತದೆ. ವಾಂತಿಯೇ ಆಗದೆ ಇದೊಂದೇ ಇದ್ದರೂ ಆಸ್ಪತ್ರೆಗೆ ಹೋಗಬೇಕು. ಎದ್ದು ನಿಂತರೆ ಕಣ್ಣು ಕತ್ತಲೆ, ತಣ್ಣನೆ ಬೆವರು, ಎದೆ ಡವಡವ ಅಂದರೆ ರಕ್ತ ಬಹಳ ಹೋಗಿದೆ ಎಂದೇ ಲೆಕ್ಕ. ಕೆಮ್ಮಿನೊಂದಿಗೆ ನೊರೆ ನೊರೆಯಾಗಿ ಬರುವ ರಕ್ತ ಬೇರೆ. ಅದು ಶ್ವಾಸಕೋಶದ್ದು, ಅದಕ್ಕೆ ಟಿ.ಬಿ. ಪರೀಕ್ಷೆ ಬೇಕು. ಮೂಗಿನ ರಕ್ತ ನುಂಗಿ ವಾಂತಿಯಾಗುವುದೂ ಇದೆ.

ಕಾರಣಗಳಲ್ಲಿ ಮುಖ್ಯವಾದದ್ದು ಹೊಟ್ಟೆಯ ಹುಣ್ಣು. ಹುಣ್ಣಿಗೆ ಖಾರ ಕಾರಣ, ಚಿಂತೆ ಕಾರಣ ಅಂತ ಬಹಳ ವರ್ಷ ನಂಬಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ (ನಮ್ಮ ಬ್ಯಾರಿ ಅಲ್ಲ, ಹೆಸರಷ್ಟೇ!) ಎಂಬ ವೈದ್ಯರು 1984ರಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣುವನ್ನು ತಾವೇ ಕುಡಿದು ಹೊಟ್ಟೆಯ ಉರಿಯೂತ ಬರಿಸಿಕೊಂಡು ತೋರಿಸಿದರು. ಅವರಿಗೂ ರಾಬಿನ್ ವಾರನ್ ಅವರಿಗೂ 2005ರಲ್ಲಿ ನೊಬೆಲ್ ಬಂತು. ಈ ರೋಗಾಣುವಿಗೆ ಸಾಮಾನ್ಯವಾಗಿ ಎರಡು ವಾರದ ಮಾತ್ರೆ ಸಾಕು. ನಡುವೆ ಬಿಡಬಾರದು ಅಷ್ಟೇ.

ಹುಣ್ಣಿಗೆ ಇನ್ನೊಂದು ಕಾರಣ ನೋವಿನ ಮಾತ್ರೆ. ನಮ್ಮ ಕಡೆ ಶುಂಠಿ ಹೊಲ, ತಂಬಾಕಿನ ಬ್ಯಾರನ್, ಕೊಡಗಿನ ತೋಟ ಅಂತ ದುಡಿಯುವವರು ಸೊಂಟ ನೋವಿಗೆ ಮೆಡಿಕಲ್‌ನಿಂದ ಡೈಕ್ಲೋಫಿನಾಕ್, ಐಬುಪ್ರೊಫೇನ್ ತಂದು ಖಾಲಿ ಹೊಟ್ಟೆಗೆ ನುಂಗುತ್ತಾರೆ. ಮಂಡಿ ನೋವಿಗೆ ವರ್ಷಗಟ್ಟಲೆ ನುಂಗುವ ಉಮ್ಮಂದಿರೂ ಇದ್ದಾರೆ. ವೈದ್ಯರನ್ನು ಕೇಳದೆ ಇವನ್ನು ದಿನಾ ನುಂಗಬೇಡಿ. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ಮಾತ್ರ ನೀವಾಗಿಯೇ ನಿಲ್ಲಿಸಬಾರದು, ಅದನ್ನೂ ಕೇಳಿಯೇ.

ಈಗ ಕಷ್ಟದ ವಿಷಯ. ಯಕೃತ್ತು ಗಟ್ಟಿಯಾದಾಗ ಅದರೊಳಗೆ ಹೋಗಬೇಕಾದ ರಕ್ತಕ್ಕೆ ದಾರಿಯಿಲ್ಲದೆ ಅನ್ನನಾಳದ ರಕ್ತನಾಳಗಳು ಉಬ್ಬುತ್ತವೆ. ಅವು ಒಡೆದರೆ ಬೊಗಸೆಗಟ್ಟಲೆ ರಕ್ತ ಬರುತ್ತದೆ. ಆಸ್ಪತ್ರೆಯಲ್ಲಿ ಮೊದಲ ಪ್ರಶ್ನೆ: ‘ಕುಡೀತಾರಾ?’ ಐದು ಹೊತ್ತು ನಮಾಝ್ ಮಾಡುವವರ ಮನೆಯವರಿಗೆ ಇದು ಚುಚ್ಚುತ್ತದೆ. ಊರಿಗೆ ಬರುವಷ್ಟರಲ್ಲಿ ಮೊಹಲ್ಲಾದಲ್ಲಿ ಗುಸುಗುಸು: ‘ಕದ್ದು ಕುಡೀತಿದ್ದನಂತೆ.’ ಇದೇ ಅಂಜಿಕೆಗೆ ರೋಗವನ್ನೇ ಮುಚ್ಚಿಡುವ ಮನೆಗಳಿವೆ. ಒಂದು ಹನಿ ಕುಡಿಯದವರಿಗೂ ಹೆಪಟೈಟಿಸ್ ಬಿ, ಸಿ ಸೋಂಕಿನಿಂದ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನೊಂದಿಗೆ ಬರುವ ಯಕೃತ್ತಿನ ಕೊಬ್ಬಿನಿಂದ ಹೀಗಾಗುತ್ತದೆ. ಗೊತ್ತಿಲ್ಲದೆ ಆಡುವ ಗುಸುಗುಸು ಗೀಬತ್ತನ್ನೂ ಮೀರಿದ್ದು, ಅಪವಾದ ಹೊರಿಸಿದಂತೆ. ವೈದ್ಯರು ಕೇಳುವುದು ಚಿಕಿತ್ಸೆಗಾಗಿ. ಕೋಪ ಮಾಡಿಕೊಳ್ಳದೆ ನಿಜ ಹೇಳಿ. ಹೆಪಟೈಟಿಸ್ ಬಿ ಇದೆ ಎಂದಾದರೆ ಮನೆಯವರೆಲ್ಲರ ರಕ್ತ ಪರೀಕ್ಷೆಯಾಗಬೇಕು, ಸೋಂಕಿಲ್ಲದವರಿಗೆ ಲಸಿಕೆ ಆಗಬೇಕು. ಒಂದೇ ತಟ್ಟೆಯಲ್ಲಿ ಉಂಡರೆ ಅದು ಹರಡುವುದಿಲ್ಲ. ರೇಝರ್, ಹಲ್ಲುಜ್ಜುವ ಬ್ರಷ್ ಹಂಚಿಕೊಳ್ಳಬಾರದು. ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಲಸಿಕೆ ಹಾಕಿಸಿ.

ಆಟವಾಡಿಕೊಂಡಿದ್ದ ಮಗು ಒಮ್ಮೆಗೇ ರಕ್ತ ಕಾರಿದರೆ ಮಾಟದ ಮಾತು ಇನ್ನೂ ಜೋರು. ಯಕೃತ್ತಿಗೆ ಹೋಗುವ ದೊಡ್ಡ ರಕ್ತನಾಳ ಕಟ್ಟಿಕೊಂಡು ಮಕ್ಕಳಲ್ಲಿ ಹೀಗಾಗುವುದು ನಮ್ಮ ದೇಶದಲ್ಲಿ ವೈದ್ಯರಿಗೆ ಪರಿಚಿತ ರೋಗ. ಅದಕ್ಕೂ ಚಿಕಿತ್ಸೆ ಇದೆ.

ಹುಣಸೂರಿನ ತಾಲೂಕು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಮೈಸೂರಿಗೆ ಹೋಗಿ ಅಂದರೆ ‘ನಾಳೆ ನೋಡೋಣ’ ಅನ್ನಬೇಡಿ. ಎಂಡೋಸ್ಕೋಪಿ 24 ಗಂಟೆಯೊಳಗೆ ಆಗಬೇಕು. ಬಾಯಿಯ ಮೂಲಕ ಬೆರಳು ದಪ್ಪದ ನಳಿಕೆ ಇಳಿಸುತ್ತಾರೆ. ಬಟ್ಟೆ ಕಳಚುವಂಥದ್ದು ಏನಿಲ್ಲ. ಪರ್ದಾದ ಚಿಂತೆ ಇರುವ ಹೆಂಗಸರು ಜೊತೆಗೆ ನರ್ಸ್ ಇರಲಿ ಎಂದು ಕೇಳಬಹುದು. ಹುಣ್ಣಿದ್ದರೆ ಅಲ್ಲೇ ಇಂಜೆಕ್ಷನ್, ಕ್ಲಿಪ್. ಉಬ್ಬಿದ ನಾಳವಿದ್ದರೆ ರಬ್ಬರ್ ಬಳೆ ಹಾಕಿ ಕಟ್ಟುತ್ತಾರೆ. ಈ ಬಳೆ ಒಮ್ಮೆಗೆ ಮುಗಿಯುವುದಿಲ್ಲ, ಕೆಲವು ವಾರಕ್ಕೊಮ್ಮೆ ಮತ್ತೆ ಹೋಗಬೇಕು. ‘ಈಗ ಚೆನ್ನಾಗಿದ್ದೇನಲ್ಲ’ ಅಂತ ಬಿಟ್ಟವರಿಗೆ ಮತ್ತೆ ಒಡೆಯುವ ಅಪಾಯ ಹೆಚ್ಚು.

ಮೊದಲ ಸಲ ಏನೂ ಕಾಣಲಿಲ್ಲ ಅಂದರೆ ಮಾಟ ಅಂತಲ್ಲ. ರಕ್ತ ನಿಂತ ಮೇಲೆ ಚಿಕ್ಕ ನಾಳದ ಬಾಯಿ ಕಣ್ಣಿಗೆ ಬೀಳದೇ ಹೋಗಬಹುದು. ಮತ್ತೊಮ್ಮೆ ನೋಡುತ್ತಾರೆ, ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ, ಕ್ಯಾಪ್ಸೂಲ್ ಕ್ಯಾಮೆರಾ ನುಂಗಿಸುತ್ತಾರೆ.

ಹೊರಡುವಾಗ ಆಧಾರ್, ರೇಷನ್ ಕಾರ್ಡ್ ಮರೆಯಬೇಡಿ. ಆಯುಷ್ಮಾನ್ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶ ಇದೆ. ರಕ್ತ ಕೊಡಲು ಇಬ್ಬರು ಹುಡುಗರನ್ನೂ ಕರೆದುಕೊಂಡು ಹೋಗಿ. ರಮಝಾನ್ ಬಂದರೆ ವೈದ್ಯರು ಒಪ್ಪುವವರೆಗೆ ಉಪವಾಸ ಹಿಡಿಯಬೇಡಿ. ರೋಗಿಗೆ ಶರೀಅತ್ತಿನಲ್ಲೇ ರಿಯಾಯಿತಿ ಇದೆ, ಗುಣವಾದ ಮೇಲೆ ಖಳಾ ವೀಟಬಹುದು.